ಪಟ್ಟಿ ಕಟ್ಟುವವರು ಬಹಳ, ಬೆನ್ನು ಹತ್ತುವವರು ಕಡಿಮೆ: ಹುಬ್ಬಳ್ಳಿ-ಧಾರವಾಡದ ಬಿ.ಪಿ., ಶುಗರ್ ತಪಾಸಣೆ

ಹುಬ್ಬಳ್ಳಿ-ಧಾರವಾಡದಲ್ಲಿ ಬಿ.ಪಿ., ಶುಗರ್ ನೋಡಿಸಿಕೊಳ್ಳಲು ಈಗ ರೊಕ್ಕ ಬೇಕಿಲ್ಲ. ರವಿವಾರ ಬೆಳಿಗ್ಗೆ ಉಣಕಲ್ ಕೆರೆಯ ದಂಡೆಗೋ ಕೆಲಗೇರಿ ಕೆರೆಯ ಕಡೆಗೋ ಕಾಲಾಡಿಸಲು ಹೋದರೆ ಒಂದು ಟೇಬಲ್ಲು, ಒಂದು ಬ್ಯಾನರು, ಬಿಳಿ ಕೋಟಿನ ಇಬ್ಬರು ಹುಡುಗರು ಆಗಾಗ ಕಾಣಸಿಗುತ್ತಾರೆ. ಮೇ 17ರ ರಕ್ತದೊತ್ತಡ ದಿನ, ನವೆಂಬರ್ 14ರ ಮಧುಮೇಹ ದಿನ ಬಂದವೆಂದರೆ ಶಿಬಿರಗಳ ಸುಗ್ಗಿ. ಇವಲ್ಲದೆ ಆಶಾ ಕಾರ್ಯಕರ್ತೆಯರ ಮನೆ ಭೇಟಿ ಇದೆ, ವಾರ್ಡಿನ ನಮ್ಮ ಕ್ಲಿನಿಕ್ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ, ಔಷಧಿ ಅಂಗಡಿಯ ಮಷಿನ್ನು, ಲ್ಯಾಬಿನವರ ಪ್ಯಾಕೇಜು ಕೂಡ ಇವೆ. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿಟ್ಟು ತೂಗಿದ ವಿಮರ್ಶೆ ಇದು. ತೂಕದ ಕಲ್ಲು ಎರಡು. ಅಳತೆ ಸರಿಯಾಗಿ ಆಯಿತೇ ಅನ್ನುವುದು ಒಂದು. ಅಂಕಿ ಏರಿ ಬಂದರೆ ಎರಡನೇ ಸಲ ಅಳೆಯುವವರು, ಗುಳಿಗಿ ಕೊಡುವವರು, ಮುಂದಿನ ತಿಂಗಳು ಬರದಿದ್ದರೆ "ಯಾಕ ಬರ್ಲಿಲ್ರಿ?" ಅಂತ ಕೇಳುವವರು ಯಾರಾದರೂ ಇದ್ದಾರೆಯೇ ಅನ್ನುವುದು ಇನ್ನೊಂದು.

ಮೊದಲು ಶಿಬಿರ. ಹೆಚ್ಚು ಜನ ಕೈ ಚಾಚುವುದು ಅಲ್ಲೇ, ಹೆಚ್ಚು ತಪ್ಪಾಗುವುದೂ ಅಲ್ಲೇ.

ಟೇಬಲ್ಲಿನ ಮುಂದೆ ಬೆನ್ನಿಗೆ ಆಸರೆಯಿಲ್ಲದ ಪ್ಲಾಸ್ಟಿಕ್ ಸ್ಟೂಲು. ಕೆರೆ ಎರಡು ಸುತ್ತು ಹಾಕಿ ಬಂದವರು, ಇನ್ನೂ ಏದುಸಿರು ಇರುವಾಗಲೇ ಕುಳಿತರು. ಜುಬ್ಬಾದ ತೋಳಿನ ಮೇಲೆಯೇ ಪಟ್ಟಿ ಸುತ್ತಿದರು. ಗಾಳಿ ತುಂಬುತ್ತಿರುವಾಗ, "ಯಜಮಾನ್ರ, ನಾಷ್ಟಾ ಆತೇನ್ರಿ? ಮೊದ್ಲ ಗುಳಿಗಿ ಏನರ ತಗೋತಿದ್ರೇನು?" ಅಂತ ವಿಚಾರಣೆ. ಯಜಮಾನರು ಸೌಜನ್ಯಕ್ಕೆ ಪೂರ್ತಿ ಉತ್ತರ ಕೊಡುತ್ತಾರೆ. 152/94. "ಬಿ.ಪಿ. ಐತ್ರಿ ನಿಮಗ, ಉಪ್ಪು ಕಡಿಮಿ ಮಾಡ್ರಿ." ಮುಂದಿನವರು ಬರ್ರಿ.

ಇಷ್ಟರಲ್ಲಿ ಆರು ತಪ್ಪುಗಳಿವೆ. ನಡೆದು ಬಂದವರು ಕನಿಷ್ಠ 5 ನಿಮಿಷ ಸುಮ್ಮನೆ ಕುಳಿತಿರಬೇಕಿತ್ತು. ಬೆನ್ನಿಗೆ ಆಸರೆ ಬೇಕಿತ್ತು. ಇಲ್ಲದಿದ್ದರೆ ಅಂಕಿ 5ರಿಂದ 10ರಷ್ಟು ಏರುತ್ತದೆ. ಪಟ್ಟಿ ಬರಿಯ ಚರ್ಮದ ಮೇಲೆ, ಮೊಣಕೈ ಮಡಿಕೆಯಿಂದ ಸುಮಾರು 2 ಸೆಂ.ಮೀ. ಮೇಲೆ ಇರಬೇಕಿತ್ತು. ಅಳೆಯುವಾಗ ಮಾತಾಡಿದರೆ 10ರ ಆಸುಪಾಸು ಹೆಚ್ಚಾಗುತ್ತದೆ, ಹಾಗಾಗಿ ಆ ಪ್ರಶ್ನೆಗಳನ್ನೆಲ್ಲ ಸಾಲಿನಲ್ಲಿ ನಿಂತಾಗಲೇ ಕೇಳಿ ಮುಗಿಸಬೇಕಿತ್ತು. ಒಂದು ನಿಮಿಷ ಬಿಟ್ಟು ಎರಡನೇ ಸಲ ಅಳೆಯಬೇಕಿತ್ತು. ಕೊನೆಯದು ಎಲ್ಲಕ್ಕಿಂತ ದೊಡ್ಡದು: ಒಂದೇ ದಿನದ ಅಳತೆಯ ಮೇಲೆ "ಬಿ.ಪಿ. ಐತಿ" ಅನ್ನಬಾರದಿತ್ತು. 140/90 ಅಥವಾ ಅದಕ್ಕಿಂತ ಮೇಲಿನ ಅಂಕಿ ಬೇರೆ ಬೇರೆ ಎರಡು ದಿನ ಬಂದರೆ ಮಾತ್ರ ಆ ಮಾತು. ಮೂತ್ರಕ್ಕೆ ಅವಸರವಾಗಿದ್ದರೂ ಬಿ.ಪಿ. ಹೆಚ್ಚು ತೋರಿಸುತ್ತದೆ. ಅರ್ಧ ಗಂಟೆಯೊಳಗೆ ಚಹಾ ಕುಡಿದಿದ್ದರೂ, ಬಾಯಲ್ಲಿ ತಂಬಾಕು ಇದ್ದರೂ ಅಷ್ಟೇ. ಉದ್ಯಾನದ ಶಿಬಿರದಲ್ಲಿ ಈ ಎಲ್ಲವೂ ಏಕಕಾಲಕ್ಕೆ ಇರುತ್ತವೆ.

ಇನ್ನು ಪಟ್ಟಿಯ ಅಳತೆ. ಬಿ.ಪಿ. ಮಷಿನ್ನಿನ ಜೊತೆ ಬರುವ ಸಾಮಾನ್ಯ ಪಟ್ಟಿ 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ. ಅಮರಗೋಳ ಎಪಿಎಂಸಿಯಲ್ಲಿ ಚೀಲ ಹೊರುವ ಹಮಾಲರ ತೋಳೋ, ಸ್ವಲ್ಪ ಮೈಕೈ ತುಂಬಿಕೊಂಡವರ ತೋಳೋ ಇದರಲ್ಲಿ ಹಿಡಿಸುವುದಿಲ್ಲ. ಚಿಕ್ಕ ಪಟ್ಟಿಯನ್ನು ಎಳೆದು ಕಟ್ಟಿದರೆ ಇಲ್ಲದ ಬಿ.ಪಿ. ಕಾಣಿಸಿಕೊಳ್ಳುತ್ತದೆ. ಪಟ್ಟಿಯ ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80 ಭಾಗ ಸುತ್ತುವರಿಯಬೇಕು. ಪಟ್ಟಿಯ ಮೇಲೆಯೇ ಎರಡು ಗೆರೆ ಅಚ್ಚಾಗಿರುತ್ತವೆ, ಅಂಚು ಆ ಗೆರೆಗಳ ನಡುವೆ ಬೀಳದಿದ್ದರೆ "ದೊಡ್ಡ ಪಟ್ಟಿ ಐತೇನ್ರಿ?" ಅಂತ ಕೇಳಿ. ಇಲ್ಲ ಅಂದರೆ ಆ ಶಿಬಿರದ ಅಂಕಿಯನ್ನು ಅಷ್ಟಕ್ಕೇ ಬಿಡಿ. ಅಂಗಿಯ ತೋಳನ್ನು ಬಿಗಿಯಾಗಿ ಮೇಲೆ ಸುತ್ತಿ ಅದರ ಕೆಳಗೆ ಪಟ್ಟಿ ಕಟ್ಟುವುದೂ ತಪ್ಪೇ, ಆ ಸುತ್ತಿದ ಬಟ್ಟೆ ತಾನೇ ತೋಳನ್ನು ಬಿಗಿಯುತ್ತದೆ. ಹೆಣ್ಣುಮಕ್ಕಳ ರವಿಕೆಯ ತೋಳಿನದೂ ಇದೇ ಕಥೆ. ಒಂದು ಪರದೆ ಕಟ್ಟಿ, ಒಳಗೊಬ್ಬ ಸಿಸ್ಟರನ್ನು ಕೂರಿಸದ ಶಿಬಿರದಲ್ಲಿ ಹೆಂಗಸರ ಬಿ.ಪಿ. ನಂಬುವಂಥದ್ದಲ್ಲ. ಬ್ಯಾನರಿಗೆ ಹಾಕುವ ಖರ್ಚಿನಲ್ಲಿ ನಾಲ್ಕು ಪರದೆ ಬರುತ್ತವೆ. ಮಣಿಕಟ್ಟಿಗೆ ಕಟ್ಟುವ ಪುಟ್ಟ ಮಷಿನ್ನು ಕಂಡರೆ ಕೈ ಕೊಡಲೇಬೇಡಿ. ತೋಳಿಗೆ ಕಟ್ಟುವುದೇ ಬೇಕು.

ಶಿಬಿರದ ಯೋಗ್ಯತೆ ತಿಳಿಯಲು ಒಂದು ಸುಲಭದ ಉಪಾಯವಿದೆ. ಅವರ ರಜಿಸ್ಟರಿನ ಮೇಲೆ ಒಮ್ಮೆ ಕಣ್ಣಾಡಿಸಿ. 120/80, 130/80, 140/90, ಮತ್ತೆ 120/80 ಹೀಗೆ ಎಲ್ಲವೂ ಸೊನ್ನೆಯಲ್ಲೇ ಮುಗಿದಿದ್ದರೆ ಅದು ಅಳೆದದ್ದಲ್ಲ, ಅಂದಾಜಿನಲ್ಲಿ ಬರೆದದ್ದು. ನಿಜವಾದ ಅಳತೆ 127/83, 146/88 ಹೀಗೆ ಚೆಲ್ಲಾಪಿಲ್ಲಿಯಾಗಿರುತ್ತದೆ. ಇನ್ನೊಂದು ಲೆಕ್ಕ: 2023ರಲ್ಲಿ ಪ್ರಕಟವಾದ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ 100ಕ್ಕೆ 35.5 ಮಂದಿಗೆ ರಕ್ತದೊತ್ತಡ, 11.4 ಮಂದಿಗೆ ಸಕ್ಕರೆ ಕಾಯಿಲೆ, 15.3 ಮಂದಿ ಸಕ್ಕರೆ ಕಾಯಿಲೆಯ ಅಂಚಿನಲ್ಲಿ, ಜನ ಹೇಳುವ ಹಾಗೆ 'ಬಾರ್ಡರ್‌ನ್ಯಾಗ'. ಅಂದಮೇಲೆ 200 ಮಂದಿಯನ್ನು ನೋಡಿ "8 ಮಂದಿಗೆ ಬಿ.ಪಿ. ಪತ್ತೆ" ಅಂತ ಪ್ರಕಟಣೆ ಕೊಟ್ಟರೆ ಅಳತೆಯಲ್ಲೋ ಆಯ್ದ ಜನರಲ್ಲೋ ಏನೋ ಐಬಿದೆ. ದಿನಾ ವಾಕಿಂಗ್ ಬರುವವರನ್ನೇ ಮತ್ತೆ ಮತ್ತೆ ನೋಡಿದರೆ ಇನ್ನೇನಾದೀತು? ದುರ್ಗದಬೈಲಿನ ಕಾಯಿಪಲ್ಲೆ ಮಾರುವವರು, ಆಟೋದವರು, ರಾತ್ರಿ ಪಾಳಿಯ ಬಸ್ ಡ್ರೈವರುಗಳು ರವಿವಾರ ಬೆಳಿಗ್ಗೆ ಕೆರೆಯ ದಂಡೆಗೆ ಬರುವುದಿಲ್ಲ.

ಶುಗರ್ ಟೇಬಲ್ಲಿಗೆ ಬರೋಣ. ಬೆರಳಿಗೆ ಚುಚ್ಚುವ ಮೊದಲು ಸೋಪು, ನೀರಿನಲ್ಲಿ ಕೈ ತೊಳೆಸುವವರು ಅಪರೂಪ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿ, ಅದು ಆರುವ ಮೊದಲೇ ಚುಚ್ಚುತ್ತಾರೆ. ಸ್ಪಿರಿಟ್ ಹಸಿಯಿದ್ದರೆ ರಕ್ತದ ಹನಿ ತೆಳುವಾಗಿ ಅಂಕಿ ಕೆಡುತ್ತದೆ. ಈಗಷ್ಟೇ ಪೇಢೆಯನ್ನೋ ಮಾವಿನ ಹಣ್ಣನ್ನೋ ಮುಟ್ಟಿದ ಬೆರಳಾದರೆ 100 ಇರುವುದು 200 ದಾಟಿದರೂ ಅಚ್ಚರಿಯಿಲ್ಲ, ಮಷಿನ್ನು ಬೆರಳಿನ ಮೇಲಿನ ಸಕ್ಕರೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ನೀರಿನ ಅನುಕೂಲ ಇಲ್ಲದಿದ್ದರೆ ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಬೇಕು. ಚುಚ್ಚುವುದು ಬೆರಳ ತುದಿಯ ನಟ್ಟನಡುವೆ ಅಲ್ಲ, ಪಕ್ಕಕ್ಕೆ; ನಡು ಬೆರಳು ಅಥವಾ ಉಂಗುರ ಬೆರಳು. ಹನಿ ಬರಲಿಲ್ಲವೆಂದು ಆಕಳ ಮೊಲೆ ಹಿಂಡಿದ ಹಾಗೆ ಹಿಂಡಬಾರದು, ಮಾಂಸದೊಳಗಿನ ನೀರು ಬೆರೆಯುತ್ತದೆ. ಕೈ ಕೆಳಗೆ ಇಳಿಬಿಟ್ಟು, ಅಂಗೈಯಿಂದ ಬೆರಳ ಕಡೆಗೆ ನಿಧಾನ ನೀವಿದರೆ ಸಾಕು.

ರಕ್ತದ ಹನಿ ಹಾಕುವ ಶುಗರ್ ಪಟ್ಟಿಗಳ (ಸ್ಟ್ರಿಪ್) ಡಬ್ಬಿಯನ್ನೂ ನೋಡಿ. ಮುಚ್ಚಳ ತೆರೆದ ತಾರೀಖು ಡಬ್ಬಿಯ ಮೇಲೆ ಪೆನ್ನಿನಲ್ಲಿ ಬರೆದಿರಬೇಕು, ತೆರೆದ ಮೇಲೆ ಎಷ್ಟು ತಿಂಗಳು ಬಳಸಬಹುದೆಂದು ಕಂಪನಿಯವರೇ ಅಚ್ಚು ಹಾಕಿರುತ್ತಾರೆ. ಬಹಳ ಕಂಪನಿಗಳದ್ದು 30 ಡಿಗ್ರಿ ಮೇಲಿನ ಶಾಖದಲ್ಲಿ ಇಡಬೇಡಿ ಅನ್ನುತ್ತದೆ. ಏಪ್ರಿಲ್ ತಿಂಗಳ ಹುಬ್ಬಳ್ಳಿ ಬಿಸಿಲಿನಲ್ಲಿ, ಶಾಮಿಯಾನದ ಕೆಳಗೆ ಮಧ್ಯಾಹ್ನ 12ರವರೆಗೆ ಮುಚ್ಚಳ ತೆಗೆದಿಟ್ಟ ಡಬ್ಬಿಯಿಂದ ಬಂದ ಅಂಕಿಗೆ ಎಷ್ಟು ಬೆಲೆ ಕೊಡಬೇಕೋ ಅಷ್ಟೇ ಕೊಡಿ. ಸರಿಯಾದ ಮಷಿನ್ನಿಗೂ ಶೇ. 15ರಷ್ಟು ಹೆಚ್ಚುಕಡಿಮೆಗೆ ಮಾನದಂಡದಲ್ಲೇ ಅವಕಾಶವಿದೆ: ಲ್ಯಾಬಿನಲ್ಲಿ 200 ಇದ್ದದ್ದು ಇಲ್ಲಿ 170 ಅಥವಾ 230 ತೋರಿಸಬಹುದು. ರಕ್ತಹೀನತೆ ಇದ್ದವರಿಗೆ ಬೆರಳಿನ ಮಷಿನ್ನು ಸ್ವಲ್ಪ ಹೆಚ್ಚೇ ತೋರಿಸುತ್ತದೆ. ನಮ್ಮ ಕಡೆಯ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಮರೆಯುವಂಥ ಮಾತಲ್ಲ.

ಒಂದು ವಿಷಯದಲ್ಲಿ ಮಾತ್ರ ಮುಲಾಜು ಬೇಡ. ಪೆನ್ನಿನಂಥ ಚುಚ್ಚುವ ಸಾಧನವನ್ನು ಸೂಜಿ ಬದಲಿಸಿಯೇ ಆದರೂ ಹತ್ತು ಜನರಿಗೆ ಬಳಸುತ್ತಿದ್ದರೆ ಎದ್ದು ಬನ್ನಿ. ಅದರ ಮೂತಿಗೆ ಹತ್ತಿದ ಕಣ್ಣಿಗೆ ಕಾಣದಷ್ಟು ರಕ್ತದಿಂದಲೇ ಹೆಪಟೈಟಿಸ್ ಬಿ ಹರಡಬಲ್ಲದು. ಆ ಪೆನ್ನು ಮನೆಯಲ್ಲಿ ಒಬ್ಬರ ಬಳಕೆಗೆ. ಶಿಬಿರದಲ್ಲಿ ಒಮ್ಮೆ ಚುಚ್ಚಿದ ಮೇಲೆ ತಾನೇ ಒಳಸರಿದು ಕೆಲಸಕ್ಕೆ ಬಾರದಂತಾಗುವ ಲ್ಯಾನ್ಸೆಟ್ ಸೂಜಿ ಇರಬೇಕು, ಬಳಸಿದ್ದು ಬಿಳಿ ಬಣ್ಣದ, ಸೂಜಿ ತೂರದ ಗಟ್ಟಿ ಡಬ್ಬಿಗೆ ಬೀಳಬೇಕು, ರಕ್ತದ ಹತ್ತಿ ಹಳದಿ ಚೀಲಕ್ಕೆ. ಟೇಬಲ್ಲಿನ ಕೆಳಗೆ ರಟ್ಟಿನ ಪೆಟ್ಟಿಗೆಯಲ್ಲಿ ಎಲ್ಲವೂ ಒಟ್ಟಿಗೆ ಬಿದ್ದಿದ್ದರೆ ಸಂಜೆ ಅದನ್ನು ಬರಿಗೈಯಲ್ಲಿ ಎತ್ತುವವರು ಪೌರಕಾರ್ಮಿಕರು.

ಈಗ ಚೀಟಿ. "ಶುಗರ್ 168" ಅಂತಷ್ಟೇ ಬರೆದ ಚೀಟಿ ರದ್ದಿ ಕಾಗದ. ರಾತ್ರಿ ಊಟವಾಗಿ 8 ತಾಸು ನೀರಲ್ಲದೆ ಬೇರೇನೂ ತೆಗೆದುಕೊಳ್ಳದವರಲ್ಲಿ 168 ಬಂದರೆ ಅದು ಸಕ್ಕರೆ ಕಾಯಿಲೆಯ ಅಂಕಿ, ಗಡಿ 126. ಲ್ಯಾಬಿನಲ್ಲಿ ಖಾತ್ರಿ ಮಾಡಿಕೊಳ್ಳಲೇಬೇಕು. ಉಂಡು ಎರಡು ತಾಸಿಗೆ 168 ಅಂದರೆ 140 ಮತ್ತು 199ರ ನಡುವೆ, ಬಾರ್ಡರ್ ಅನುಮಾನ. ಅವಲಕ್ಕಿ ತಿಂದು, ಚಹಾ ಕುಡಿದು ಅರ್ಧ ತಾಸಿಗೆ 168 ಬಂದರೆ ಅದರಿಂದ ಏನೂ ಹೇಳಲಾಗದು. ಹಾಗಾಗಿ "ಕಡೀಕ ತಿಂದು ಎಷ್ಟೊತ್ತಾತು?" ಅನ್ನುವುದನ್ನು ಕೇಳಿ ಅಂಕಿಯ ಪಕ್ಕದಲ್ಲೇ ಬರೆದುಕೊಡುವ ಶಿಬಿರಕ್ಕೆ ಅರ್ಧ ಅಂಕ ಹೆಚ್ಚು ಕೊಡಬಹುದು. ತಿಂದು ಎಷ್ಟೇ ಹೊತ್ತಾಗಿರಲಿ, 200 ದಾಟಿ, ಜೊತೆಗೆ ವಿಪರೀತ ನೀರಡಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿತ ಇದ್ದರೆ ಅದೇ ವಾರ ವೈದ್ಯರ ಬಳಿ ಹೋಗಬೇಕು. 300 ದಾಟಿ ವಾಂತಿ, ಹೊಟ್ಟೆನೋವು, ಏದುಸಿರು ಇದ್ದರೆ ಆ ಕ್ಷಣವೇ ಆಸ್ಪತ್ರೆ. ಬಿ.ಪಿ. 180/110 ಮುಟ್ಟಿದವರನ್ನು ಸ್ವಲ್ಪ ಕೂರಿಸಿ ಮತ್ತೆ ಅಳೆದು, ಇಳಿಯದಿದ್ದರೆ ಅಂದೇ ವೈದ್ಯರಿಗೆ ತೋರಿಸಬೇಕು. ಎದೆನೋವು, ಮಾತು ತೊದಲುವುದು, ಒಂದು ಬದಿಯ ಕೈಕಾಲು ಸೋಲುವುದು ಜೊತೆಗಿದ್ದರೆ 108. ಅಂಥವರ ನಾಲಿಗೆ ಕೆಳಗೆ ಗುಳಿಗಿ ಒಡೆದು ಹಾಕಿ ಬಿ.ಪಿ.ಯನ್ನು ದಡಕ್ಕನೆ ಇಳಿಸುವ ಹಳೆಯ ರೂಢಿ ಇನ್ನೂ ಅಲ್ಲಲ್ಲಿ ಜೀವಂತವಿದೆ. ಹಾಗೆ ಇಳಿಸಿದರೆ ಮೆದುಳಿಗೆ ರಕ್ತ ಸಾಲದೆ ಲಕ್ವ ಹೊಡೆಯಬಹುದು.

ಒಟ್ಟಿನಲ್ಲಿ ಶಿಬಿರಗಳಿಗೆ 5ಕ್ಕೆ 2. ಹತ್ತಿರದ ಆರೋಗ್ಯ ಕೇಂದ್ರದವರನ್ನು ಜೊತೆಗೆ ಕೂರಿಸಿಕೊಂಡು, ಅಂಕಿ ಏರಿದವರ ಹೆಸರು, ಫೋನ್ ನಂಬರನ್ನು ಅಲ್ಲೇ ಅವರ ಪಟ್ಟಿಗೆ ಸೇರಿಸುವ ಶಿಬಿರವಾದರೆ 4.

ಆಶಾ ಕಾರ್ಯಕರ್ತೆಯರ ಭೇಟಿಗೆ ಇಂಥ ಅಬ್ಬರವಿಲ್ಲ. 30 ದಾಟಿದ ಪ್ರತಿಯೊಬ್ಬರಿಗೂ ವರ್ಷಕ್ಕೊಮ್ಮೆ ಬಿ.ಪಿ., ಶುಗರ್ ನೋಡಬೇಕು ಅನ್ನುವುದು ರಾಷ್ಟ್ರೀಯ ಕಾರ್ಯಕ್ರಮದ ನಿಯಮ. ಅದಕ್ಕೂ ಮೊದಲು ಆಶಾ ಒಂದು ಫಾರ್ಮ್ ತುಂಬುತ್ತಾರೆ: ವಯಸ್ಸು, ತಂಬಾಕು, ಕುಡಿತ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ಓಡಾಟ, ಮನೆತನದಲ್ಲಿ ಯಾರಿಗಾದರೂ ಕಾಯಿಲೆ. ಉತ್ತರಗಳ ಒಟ್ಟು ಅಂಕ 4 ದಾಟಿದವರನ್ನು ತಪಾಸಣೆಗೆ ಮೊದಲು ಕಳಿಸುತ್ತಾರೆ. 4ರೊಳಗೆ ಇದ್ದವರಿಗೆ ತಪಾಸಣೆ ಬೇಡ ಅಂತ ಅರ್ಥವಲ್ಲ. ಫಾರ್ಮಿನಲ್ಲಿ ಹೆಚ್ಚು ಎಡವಟ್ಟಾಗುವುದು ಸೊಂಟದ ಅಳತೆಯಲ್ಲಿ. ಸೀರೆಯ ನೆರಿಗೆ ಸಿಗಿಸಿದ ಜಾಗದ ಮೇಲೆಯೇ ಟೇಪು ಸುತ್ತಿದರೆ ನಾಲ್ಕೈದು ಸೆಂ.ಮೀ. ಪುಕ್ಕಟೆ ಸಿಗುತ್ತದೆ. ಅಳೆಯಬೇಕಾದದ್ದು ಕೊನೆಯ ಪಕ್ಕೆಲುಬು ಮತ್ತು ಸೊಂಟದ ಎಲುಬಿನ ನಡುಮಧ್ಯೆ, ಉಸಿರು ಬಿಟ್ಟ ಮೇಲೆ. ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದರೆ ಅಂಕ ಏರುತ್ತದೆ. ತಂಬಾಕಿನ ಪ್ರಶ್ನೆಗೆ ಅತ್ತೆಯ ಎದುರಲ್ಲಿ ಸೊಸೆ, ಸೊಸೆಯ ಎದುರಲ್ಲಿ ಅತ್ತೆ ಸತ್ಯ ಹೇಳುವುದಿಲ್ಲ. ಅನುಭವವುಳ್ಳ ಆಶಾ ಆ ಪ್ರಶ್ನೆಯನ್ನು ಹಿತ್ತಲಲ್ಲಿ ಕೇಳುತ್ತಾರೆ.

ಈ ಸೇವೆಯ ಕೊರತೆ ಹೊತ್ತಿನದು. ಹಗಲು ಹನ್ನೊಂದಕ್ಕೆ ಮನೆಯಲ್ಲಿ ಸಿಗುವವರು ಹೆಂಗಸರು, ಮುದುಕರು. ದುಡಿಯುವ ಗಂಡಸರು ಪಟ್ಟಿಯಿಂದಲೇ ಜಾರಿಕೊಳ್ಳುತ್ತಾರೆ. ಗದಗದ ಬೆಟಗೇರಿಯಲ್ಲಿ ಮಗ್ಗ ಮನೆಯಲ್ಲೇ ಇರುವ ನೇಕಾರ ಕುಟುಂಬಗಳಲ್ಲಿ ಗಂಡಸರೂ ಕೈಗೆ ಸಿಗುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಮಾರುಕಟ್ಟೆಯ ಭರಾಟೆಯ ತಿಂಗಳುಗಳಲ್ಲಿ ಮನೆಮನೆ ತಿರುಗಿದರೆ ಬರೀ ಬಾಗಿಲು. ಅಲ್ಲಿ ಟೇಬಲ್ಲನ್ನು ಮಾರುಕಟ್ಟೆಗೇ ಒಯ್ಯಬೇಕು, ಅದೂ ಟೆಂಡರ್ ಮುಗಿದ ಮೇಲೆ. 2024ರಲ್ಲಿ ಕೋಲಾರದಿಂದ ಶುರುವಾದ ರಾಜ್ಯದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಲ್ಲೇ ತಪಾಸಣೆ, ಮನೆಗೇ ಗುಳಿಗಿ ಅನ್ನುವ ಲೆಕ್ಕದ್ದು. ಅದಕ್ಕೂ ಈ ಹೊತ್ತಿನ ತೊಡಕು ತಪ್ಪಿದ್ದಲ್ಲ. ಆದರೂ ಆಶಾ ಸೇವೆಗೆ 5ಕ್ಕೆ 4 ಕೊಡಲು ಕಾರಣ ಒಂದೇ. "ಅಕ್ಕಾರ, ಗುಳಿಗಿ ಮುಗಿದು ಎಂಟು ದಿನ ಆತಲ್ರಿ, ಯಾಕ ಹೋಗ್ಲಿಲ್ಲ?" ಅಂತ ಬಾಗಿಲಿಗೆ ಬಂದು ಕೇಳುವವರು ಈ ಇಡೀ ವ್ಯವಸ್ಥೆಯಲ್ಲಿ ಅವರೊಬ್ಬರೇ.

ನಮ್ಮ ಕ್ಲಿನಿಕ್‌ಗಳನ್ನು 2022ರ ಡಿಸೆಂಬರಿನಲ್ಲಿ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಹುಬ್ಬಳ್ಳಿಯಲ್ಲೇ ಉದ್ಘಾಟಿಸಿದ್ದು. ಒಬ್ಬ ವೈದ್ಯರು, ಒಬ್ಬ ಸಿಸ್ಟರ್, ಒಬ್ಬ ಲ್ಯಾಬ್ ಟೆಕ್ನಿಷಿಯನ್, ಪುಕ್ಕಟೆ ಔಷಧಿ. ಬೆಳಗಿನ 9ರಿಂದ ಸಂಜೆ 4:30 ಅನ್ನುವ ಸಾಮಾನ್ಯ ವೇಳೆ ಕೂಲಿಯವರಿಗೆ ಒಗ್ಗುವುದಿಲ್ಲ, ಒಂದು ದಿನದ ಪಗಾರ ಬಿಟ್ಟು ಬರಬೇಕು. ಅಷ್ಟು ಬಿಟ್ಟರೆ ಬಿ.ಪಿ., ಶುಗರ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಹುಡುಕುವ ಅಗತ್ಯವಿಲ್ಲ. ಹೆಚ್ಚಿನ ಬಿ.ಪಿ. ರೋಗಿಗಳಿಗೆ ಬೇಕಾಗುವುದು ದೊಡ್ಡ ಡಾಕ್ಟರಲ್ಲ. ಅಮ್ಲೋಡಿಪಿನ್ 5 ಮಿ.ಗ್ರಾಂ ಅಥವಾ ಟೆಲ್ಮಿಸಾರ್ಟನ್ 40 ಮಿ.ಗ್ರಾಂ ಹೀಗೆ ಒಂದರಿಂದ ಶುರು ಮಾಡಿ, ತಿಂಗಳಿಗೆ ಮತ್ತೆ ಅಳೆದು, ಇಳಿಯದಿದ್ದರೆ ಇನ್ನೊಂದು ಸೇರಿಸುವ ಬಿಡದ ಕ್ರಮ ಅವರಿಗೆ ಬೇಕು. ಯಾವುದು ಯಾರಿಗೆ ಅನ್ನುವುದನ್ನು ವೈದ್ಯರೇ ಹೇಳಬೇಕು. ಬಸುರಾಗುವ ಯೋಚನೆ ಇದ್ದವರು ಟೆಲ್ಮಿಸಾರ್ಟನ್ ಚೀಟಿ ಕಂಡರೆ ಬಾಯಿಬಿಟ್ಟು ಹೇಳಿಬಿಡಿ, ಬಸುರಿಯರಿಗೆ ಅದು ಸಲ್ಲದು.

ಇಲ್ಲಿ ರೋಗಿಗಳ ಕಡೆಯಿಂದಲೇ ಆಗುವ ತಪ್ಪುಗಳು ಮೂರ್ನಾಲ್ಕಿವೆ. ಖಾಲಿ ಹೊಟ್ಟೆಯ ರಕ್ತ ಕೊಡಬೇಕೆಂದು ಬೆಳಗಿನ ಬಿ.ಪಿ. ಗುಳಿಗಿಯನ್ನೂ ಬಿಟ್ಟು ಬರುತ್ತಾರೆ. ಬಿ.ಪಿ. ಏರಿರುತ್ತದೆ, ಡೋಸು ಸುಮ್ಮನೆ ಹೆಚ್ಚಾಗುತ್ತದೆ. ಬಿ.ಪಿ. ಗುಳಿಗಿಯನ್ನು ನೀರಿನೊಂದಿಗೆ ನುಂಗಿಯೇ ಬರಬೇಕು. ಶುಗರ್ ಗುಳಿಗಿಯನ್ನು ಮಾತ್ರ ರಕ್ತ ಕೊಟ್ಟು ನಾಷ್ಟಾ ಮಾಡುವ ತನಕ ತಡೆಯಬೇಕು. ಈ ತಿಂಗಳು ಬಂದ ಗುಳಿಗಿಯ ಬಣ್ಣ ಬೇರೆ ಅಂತ ಗಾಬರಿಯಾಗಿ ಎರಡನ್ನೂ ನುಂಗುವವರಿದ್ದಾರೆ, ಎರಡನ್ನೂ ಬಿಡುವವರಿದ್ದಾರೆ. ಪೂರೈಕೆಯ ಕಂಪನಿ ಬದಲಾದರೆ ಬಣ್ಣ, ಆಕಾರ ಬದಲಾಗುತ್ತದೆ. ಗುಳಿಗಿಯ ಖಾಲಿ ಪಟ್ಟಿಯನ್ನು ಬಿಸಾಡದೆ ತಂದು ಹೆಸರು, ಮಿ.ಗ್ರಾಂ ಹೋಲಿಸಿಕೊಳ್ಳಬೇಕು. ಅಮ್ಲೋಡಿಪಿನ್‌ನಿಂದ ಕೆಲವರಿಗೆ ಕಾಲಿನ ಹರಡು ಬಾಯುತ್ತದೆ, ಶುಗರ್‌ನ ಮೆಟ್‌ಫಾರ್ಮಿನ್ ಗುಳಿಗಿಯಿಂದ ಮೊದಲ ವಾರಗಳಲ್ಲಿ ಹೊಟ್ಟೆ ಕೆಡುತ್ತದೆ. ಎರಡಕ್ಕೂ ಉಪಾಯವಿದೆ, ಹೇಳದೆ ಗುಳಿಗಿ ಬಿಡಬಾರದು. "ಬಿ.ಪಿ. ನಾರ್ಮಲ್ ಬಂತು, ಅದಕ್ಕ ಬಿಟ್ಟೆ" ಅನ್ನುವುದಂತೂ ವಾರಕ್ಕೆ ಹತ್ತು ಸಲ ಕೇಳುವ ಮಾತು. ನಾರ್ಮಲ್ ಬಂದದ್ದೇ ಗುಳಿಗಿಯಿಂದ.

ಗ್ಲಿಮಿಪಿರೈಡ್‌ನಂಥ ಶುಗರ್ ಗುಳಿಗಿ ತೆಗೆದುಕೊಳ್ಳುವವರು ಏಕಾದಶಿ, ಶ್ರಾವಣ ಸೋಮವಾರ, ರಂಜಾನ್ ಉಪವಾಸದ ಮೊದಲೇ ವೈದ್ಯರನ್ನು ಕೇಳಬೇಕು. ಬೆವರು, ನಡುಕ, ಕಣ್ಣು ಕತ್ತಲು ಬಂದು ಶುಗರ್ 70ಕ್ಕಿಂತ ಕೆಳಗಿಳಿದರೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು 15 ನಿಮಿಷಕ್ಕೆ ಮತ್ತೆ ನೋಡಬೇಕು. ಧಾರವಾಡದವರ ಕೈ ಮೊದಲು ಪೇಢೆಯ ಡಬ್ಬಿಗೆ ಹೋಗುತ್ತದೆ, ಆದರೆ ಖೋವಾದ ಜಿಡ್ಡಿನಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ.

ಕ್ಲಿನಿಕ್‌ಗಳಲ್ಲಿ ಕಡಿಮೆ ಬೀಳುವುದು ಕಣ್ಣು ಮತ್ತು ಕಾಲು. ಶುಗರ್ ಇದ್ದವರಿಗೆ ವರ್ಷಕ್ಕೊಮ್ಮೆ ಕಣ್ಣಿನ ಒಳಪರದೆಯ ತಪಾಸಣೆ, ಮೂತ್ರಪಿಂಡದ ಸ್ಥಿತಿ ತಿಳಿಯಲು ಮೂತ್ರದಲ್ಲಿ ಅಲ್ಬುಮಿನ್, ರಕ್ತದಲ್ಲಿ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು. ಕಾಲಿನ ಸ್ಪರ್ಶಜ್ಞಾನವನ್ನು 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ಮುಟ್ಟಿ ನೋಡಬೇಕು. ಎರಡು ನಿಮಿಷದ ಕೆಲಸ, ಆದರೆ ಬೂಟು ಬಿಚ್ಚಿಸಿ ನೋಡುವಷ್ಟು ಪುರುಸೊತ್ತು ಸಾಲಿನಲ್ಲಿ ಐವತ್ತು ಮಂದಿ ಇದ್ದಾಗ ಯಾರಿಗಿರುತ್ತದೆ? ಕೇಳಿ ಮಾಡಿಸಿಕೊಳ್ಳಿ. ಕಣ್ಣಿಗೆ ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿ-ಆರ್‌ಐ) ಅಥವಾ ಧಾರವಾಡದ ಜಿಲ್ಲಾಸ್ಪತ್ರೆಗೆ ಚೀಟಿ ಬರೆಸಿಕೊಳ್ಳಬೇಕು. ಗದಗ, ಹಾವೇರಿಯವರಿಗೆ ಅಲ್ಲಿಯವೇ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ನಮ್ಮ ಕ್ಲಿನಿಕ್‌ಗೆ ಮೂರೂವರೆ.

ಔಷಧಿ ಅಂಗಡಿಯ ಬಿ.ಪಿ. ಮಷಿನ್ನಿಗೆ ಒಂದೇ ಮಾತು: ನಿಂತುಕೊಂಡು ನೋಡಿಸಬೇಡಿ. ಲ್ಯಾಬಿನವರ ಅರವತ್ತು-ಎಪ್ಪತ್ತು ಪರೀಕ್ಷೆಯ ಪ್ಯಾಕೇಜಿನಲ್ಲಿ ಈ ಎರಡು ಕಾಯಿಲೆಗೆ ಬೇಕಾದವು ಆರೇಳು ಮಾತ್ರ. ಮನೆಗೆ ಬಂದು ರಕ್ತ ಒಯ್ಯುವ ಹುಡುಗ ಶುಗರ್‌ಗೆ ಬೂದು ಮುಚ್ಚಳದ ಟ್ಯೂಬು ತಂದಿದ್ದಾನೆಯೇ ನೋಡಿ. ಅದರಲ್ಲಿ ಫ್ಲೋರೈಡ್ ಇರುತ್ತದೆ. ಬೇರೆ ಟ್ಯೂಬಿನಲ್ಲಿ ಹಾಗೇ ಇಟ್ಟರೆ ರಕ್ತಕಣಗಳೇ ಸಕ್ಕರೆ ತಿಂದು ತಾಸಿಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಬೆಳಿಗ್ಗೆ ಏಳಕ್ಕೆ ತೆಗೆದದ್ದನ್ನು ಹತ್ತಕ್ಕೆ ನೋಡಿದರೆ 130 ಇದ್ದವರದೂ 126ರ ಗಡಿಯ ಕೆಳಗೆ ಇಳಿದಿರುತ್ತದೆ. ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಗೆ ನೇರಳೆ ಮುಚ್ಚಳ. 6.5 ಅದರ ಗಡಿ, ಆದರೆ ಕಬ್ಬಿಣದ ಕೊರತೆಯ ರಕ್ತಹೀನತೆಯಲ್ಲಿ ಅದೂ ಹುಸಿಯಾಗಿ ಏರುವುದುಂಟು.

ಕೊನೆಗೆ ತಿಳಿವಳಿಕೆಯ ಭಾಷಣ, ಅಂದರೆ ಶಿಬಿರದ ಆರಂಭದಲ್ಲಿ ಮೈಕಿನಲ್ಲಿ ಆಗುವುದು. ಓಟ್ಸ್ ತಿನ್ನಿ, ಆಲಿವ್ ಎಣ್ಣೆ ಬಳಸಿ, ಬ್ರೊಕೋಲಿ ಬೇಯಿಸಿ ಅನ್ನುವ ಪಟ್ಟಿಯನ್ನು ರೊಟ್ಟಿ ಬಡಿಯುವವರ ಕೈಗೆ ಕೊಟ್ಟರೆ ಅದು ಒಲೆಗೆ ಹೋಗುತ್ತದೆ. ನಮ್ಮ ತಾಟಿನಲ್ಲೇ ಬೇಕಾದದ್ದು ಇದೆ: ಹಕ್ಕರಿಕಿ, ಮೆಂತ್ಯೆಸೊಪ್ಪು, ಹಸಿ ಉಳ್ಳಾಗಡ್ಡಿ, ಸೌತಿಕಾಯಿ, ಪುಂಡಿಪಲ್ಲೆ, ಮಡಕಿಕಾಳಿನ ಪಲ್ಲೆ. ಇವು ಅರ್ಧ ತಾಟು ತುಂಬಬೇಕು, ರೊಟ್ಟಿ ಕಾಲು ಭಾಗ. "ಜ್ವಾಳದ ರೊಟ್ಟಿ ಉಂಡ್ರ ಸಕ್ರಿ ಬ್ಯಾನಿ ಬರೂದಿಲ್ಲ" ಅನ್ನುವ ನಂಬಿಕೆಯನ್ನು ಮಾತ್ರ ಮೈಕಿನಲ್ಲೇ ಒಡೆಯಬೇಕು. 100 ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಪಿಷ್ಟವೇ. ಜೋಳ ನಿಧಾನಕ್ಕೆ ಕರಗಬಹುದು, ಲೆಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ನಾಲ್ಕು ಕಪ್ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಅಂದರೆ ದಿನಕ್ಕೆ 32ರಿಂದ 40 ಗ್ರಾಂ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಎಂಟು ಚಮಚ ಸಕ್ಕರೆಯನ್ನು ಗಾಜಿನ ಲೋಟಕ್ಕೆ ಹಾಕಿ ಟೇಬಲ್ಲಿನ ಮೇಲೆ ಇಟ್ಟರೆ ಸಾಲಿನಲ್ಲಿ ನಿಂತವರು ತಾವೇ ಮಾತು ಶುರು ಮಾಡುತ್ತಾರೆ.

ಉಪ್ಪಿಗೂ ಇಂಥದೇ ಲೆಕ್ಕ ಬೇಕು. "ಉಪ್ಪು ಕಡಿಮಿ ಮಾಡ್ರಿ" ಅಂದರೆ ಸಾರಿಗೆ ಚಿಟಿಕೆ ಕಡಿಮೆ ಹಾಕಿ, ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ ಇಟ್ಟುಕೊಂಡು ಉಣ್ಣುತ್ತಾರೆ. ಸಂಜೆ ಗಿರ್ಮಿಟ್, ಮಿರ್ಚಿ ಭಜಿ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಲ್ಲ ಸೇರಿ ಒಂದು ಮಟ್ಟ ಚಮಚ. ನಾಲ್ಕು ಮಂದಿಯ ಮನೆಗೆ ದಿನಕ್ಕೆ 20 ಗ್ರಾಂ, ಅಂದರೆ ಹೊರಗಿನದು ಏನೂ ತಿನ್ನದಿದ್ದರೂ ಒಂದು ಕಿಲೋ ಪಾಕೀಟು 50 ದಿನ ಬರಬೇಕು. ಪಾಕೀಟು ಒಡೆದ ದಿನ ಅದರ ಮೇಲೆ ತಾರೀಖು ಬರೆದಿಡಿ ಅಂತ ಹೇಳಿಕೊಡುವ ಶಿಬಿರ ಸಿಕ್ಕರೆ ಬಿಡಬೇಡಿ. ಅವರ ಬಿ.ಪಿ. ಪಟ್ಟಿಯೂ ಸರಿಯಾದ ಅಳತೆಯದೇ ಇರುವ ಸಂಭವ ಹೆಚ್ಚು.